ಮಾವನ ಕಂಪ್ಯೂಟರು ಕೆಟ್ಟಾಗ

ಯಾವುದೇ ಕೆಲಸದಲ್ಲಿ ನನಗೆ ಬಹಳ ಇಷ್ಟವಾಗುವುದು ಅದು ಇನ್ನೂ ಶುರುವಾಗದೇ ಇರುವ ಹೊತ್ತು. ಮನೆ ಕಟ್ಟಿಸುವವರನ್ನೇ ನೋಡಿ. ಪಾಯ ತೋಡುವ ಮೊದಲು ಆ ಮನೆಗೆ ಗಾಳಿ ಬೆಳಕು ಬೇಕಾದಷ್ಟು. ಅಡುಗೆಮನೆಯ ಕಿಟಕಿ ತೆಗೆದರೆ ದಾಸವಾಳ, ಪಡಸಾಲೆಯಲ್ಲಿ ತೂಗುಮಂಚ, ಮಹಡಿಯ ಮೇಲೆ ಬೆಳದಿಂಗಳು. ಕಟ್ಟಿ ಮುಗಿಸಿದ ಮೇಲೆ ಅದೇ ಕಿಟಕಿಯಿಂದ ಪಕ್ಕದ ಮನೆಯವರ ನೀರಿನ ಟ್ಯಾಂಕು ಕಾಣುತ್ತದೆ. ಆದ್ದರಿಂದ ನಾನು ಯೋಜನೆ ಹಾಕುವುದರಲ್ಲೇ ಸುಖ ಕಂಡವನು. ಒಂದು ಕಾಗದ, ಒಂದು ಪೆನ್ಸಿಲು, ಎದುರಿಗೆ ಒಂದು ಕಿಟಕಿ ಇದ್ದರೆ ಸಾಕು, ಮಧ್ಯಾಹ್ನ ಹೇಗೆ ಕಳೆಯಿತೆಂದೇ ತಿಳಿಯುವುದಿಲ್ಲ. ನನ್ನ ಹೆಂಡತಿ ಸರೋಜ ಇದಕ್ಕೆ ಬೇರೆ ಹೆಸರಿಟ್ಟಿದ್ದಾಳೆ: "ಕಣ್ ಬಿಟ್ಕೊಂಡು ನಿದ್ದೆ ಮಾಡೋದು."

ನಮ್ಮದು ರೈತರಿಗೆ ಬೀಜ, ಗೊಬ್ಬರ, ಔಷಧಿ ಮಾರುವ ಸಂಸ್ಥೆ. ಹಾಸನದಲ್ಲಿ ಮುಖ್ಯ ಕಚೇರಿ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಶಾಖೆಗಳು. ತೊಂಬತ್ತರ ದಶಕದ ಕೊನೆಯಲ್ಲಿ ಎಲ್ಲ ಕಡೆಗೂ ಕಂಪ್ಯೂಟರುಗಳು ಬಂದವು, ಅವು ಕೆಟ್ಟರೆ ನೋಡಿಕೊಳ್ಳಲು ಹಿಂದೆಯೇ ನಾನು ಬಂದೆ. ಆಗ ಅರಕಲಗೂಡಿನ ಶಾಖೆಗೆ ಚಿಕ್ಕಣ್ಣನವರು ಮ್ಯಾನೇಜರು. ಗಟ್ಟಿ ಆಳು, ಗಟ್ಟಿ ದನಿ. ಅವರು ಅಲ್ಲಿಂದ ಫೋನು ಮಾಡಿದರೆ ಫೋನಿನ ಅಗತ್ಯವೇ ಇಲ್ಲವೇನೋ ಅನ್ನಿಸುತ್ತಿತ್ತು. "ಬಾರ್ಲಾ ಮಾದೇಶ, ನಿನ್ ಪ್ರಿಂಟರ್ರು ಮತ್ತೆ ಪೇಪರ್ ತಿಂದ್ಬುಟ್ಟದೆ ಕಣ್ಲಾ!" ನಾನು ಬಸ್ಸು ಹತ್ತಿ ಹೋಗುತ್ತಿದ್ದೆ. ಪ್ರಿಂಟರಿನ ಬಾಯಿಂದ ಕಾಗದ ಎಳೆದು, ಅವರಿಂದ ನಾಲ್ಕು ಬೈಗುಳ ತಿಂದು, ಅವರ ಮನೆಯಲ್ಲಿ ಮುದ್ದೆ ಸಾರು ಉಂಡು ಬರುತ್ತಿದ್ದೆ. ಹೀಗೆ ಹೋಗಿ ಬಂದು, ಉಂಡು ತಿಂದು, ಕೊನೆಗೆ ಅವರ ಮಗಳು ಸರೋಜಳನ್ನೇ ಮದುವೆಯಾದೆ. ಪ್ರಿಂಟರು ಅಷ್ಟೊಂದು ಕಾಗದ ತಿನ್ನದಿದ್ದರೆ ನನ್ನ ಸಂಸಾರವೇ ಇರುತ್ತಿರಲಿಲ್ಲ.

ಮದುವೆಯಾದ ಮಾರನೆಯ ದಿನದಿಂದ ಚಿಕ್ಕಣ್ಣನವರು ನನ್ನನ್ನು "ಅಳಿಯಂದ್ರೇ" ಎಂದು ಕರೆಯತೊಡಗಿದರು. 'ನೀನು' ಹೋಗಿ 'ನೀವು' ಬಂತು. ಫೋನು ನಿಂತಿತು. ಅಳಿಯನನ್ನು ಕರೆಸಿ, ಎಲ್ಲರೆದುರಿಗೆ ಮೇಜಿನ ಕೆಳಗೆ ತೂರಿಸುವುದುಂಟೇ? ಹಾಗೆಂದು ಕಂಪ್ಯೂಟರು ಕೆಡುವುದು ನಿಲ್ಲಲಿಲ್ಲವಲ್ಲ. ಆದ್ದರಿಂದ ಅವರು ಮನೆಗೆ ಫೋನು ಮಾಡಿ ಮಗಳಿಗೆ ಹೇಳುವರು, ಸಂಜೆ ಕಾಫಿ ಲೋಟದ ಜೊತೆಗೆ ಸರೋಜ ನನಗೆ ಹೇಳುವಳು. "ಅಪ್ಪನ ಕಂಪ್ಯೂಟರ್ ಉಬ್ಬಸ ಬಂದೋರ ಥರ ಉಸಿರು ಬಿಡ್ತಿದ್ಯಂತೆ." "ಅಪ್ಪನ ಪರದೆ ಮೇಲೆ ಅದೇನೋ ನೀಲಿ ಬಂದು ನಿಂತಿದ್ಯಂತೆ, ಯಾರು ಹೇಳಿದ್ರೂ ಹೋಗ್ತಿಲ್ವಂತೆ." ನಾನು ಮರುದಿನ ಬೇರೆ ಯಾವುದೋ ನೆಪದಲ್ಲಿ ಅರಕಲಗೂಡಿಗೆ ಹೋಗುವುದು, ಮಾವ ಯಾವುದೋ ನೆಪದಲ್ಲಿ ಹೊರಗೆ ಹೋಗುವುದು, ಅವರು ತಿರುಗಿ ಬರುವಷ್ಟರಲ್ಲಿ ಕಂಪ್ಯೂಟರು ತಾನಾಗಿಯೇ ಸರಿಹೋಗಿರುವುದು. ಇಬ್ಬರೂ ಆ ವಿಷಯ ಎತ್ತುತ್ತಿರಲಿಲ್ಲ. ವರ್ಷಗಟ್ಟಲೆ ಹೀಗೇ ನಡೆಯಿತು.

ಹೊಸ ಶತಮಾನ ಹುಟ್ಟಿ ಕೆಲವು ವರ್ಷಗಳಾಗಿದ್ದವು. ಒಂದು ದಿನ ನಮ್ಮ ಸಾಹೇಬರು ನನ್ನನ್ನೂ ನನ್ನ ಸಹೋದ್ಯೋಗಿ ಬಷೀರನನ್ನೂ ಕರೆದರು. "ರೀ, ದೂರು ಬರೆಸೋ ನಮ್ಮ ಹಳೇ ಸಾಫ್ಟ್‌ವೇರ್ ಯಾರೂ ಮುಟ್ತಿಲ್ಲ. ಎಲ್ಲರೂ ಫೋನು, ಬರೀ ಫೋನು. ಹೊಸ ಹೆಲ್ಪ್ ಡೆಸ್ಕ್ ಸಾಫ್ಟ್‌ವೇರ್ ತರಿಸೋಣ. ಯಾರ ದೂರು ಏನು, ಎಷ್ಟು ಹೊತ್ತಿಗೆ ಸರಿಯಾಯ್ತು, ಎಲ್ಲಾ ಒಂದೇ ಕಡೆ ಕಾಣ್ಬೇಕು. ಹೇಗೆ ತರೋದು, ಹೇಗೆ ಬದಲಾಯಿಸೋದು, ನೀವು ಒಂದು ಯೋಜನೆ ಮಾಡಿ" ಎಂದರು.

'ಯೋಜನೆ' ಎಂಬ ಮಾತು ಕಿವಿಗೆ ಬಿದ್ದದ್ದೇ ನನಗೆ ಹಗುರಾಗಿ ಮಂಪರು ಹತ್ತಿದಂತಾಯಿತು. ನನ್ನ ಮೇಜಿನ ಎದುರಿನ ಕಿಟಕಿಯಾಚೆ ಒಂದು ಸಂಪಿಗೆ ಮರ. ಅದನ್ನು ನೋಡುತ್ತ ಕೂತೆ. ಫೋನು ಬಡಿದುಕೊಳ್ಳದ ಒಂದು ಕಚೇರಿ ಕಣ್ಣೆದುರು ನಿಂತಿತು. ದೂರುಗಳು ಸಂಜೆ ಕೆರೆಗೆ ಇಳಿಯುವ ಬೆಳ್ಳಕ್ಕಿಗಳ ಹಾಗೆ ಸದ್ದಿಲ್ಲದೆ ಬಂದು ಒಂದೊಂದು ತಮ್ಮ ತಮ್ಮ ಜಾಗದಲ್ಲಿ ಕೂರುತ್ತಿವೆ. ನಾನು ಒಂದನ್ನು ಮೆಲ್ಲಗೆ ಮುಟ್ಟುತ್ತೇನೆ, ಅದು ಸರಿಹೋಗಿ ಹಾರಿಹೋಗುತ್ತದೆ. "ಸಾರ್, ಕಾಫಿ ಆರ್ತಿದೆ" ಎಂದು ಬಷೀರ್ ಅಲುಗಾಡಿಸಿದಾಗ ನಾನು ಅದಾಗಲೇ ನಿಯಮಗಳನ್ನು ಬರೆಯಲು ಕುಳಿತಿದ್ದೆ. ಎಷ್ಟು ಅಂದವಾದ ನಿಯಮಗಳು! ಬಾಯಿಮಾತಿನ ದೂರಿಗೆ ಬೆಲೆಯಿಲ್ಲ, ಯಾರೇ ಆಗಲಿ ಸಾಫ್ಟ್‌ವೇರಿನಲ್ಲಿ ಬರೆದೇ ಕಳಿಸಬೇಕು. ಬಂದ ದೂರಿಗೆ ತುರ್ತು, ಸಾಧಾರಣ, ನಿಧಾನ ಎಂದು ದರ್ಜೆ ಬೀಳಬೇಕು. ಕೆಳಗೆ ಸರಿಪಡಿಸಿದವನ ಹೆಸರು ಇರಬೇಕು. ಇದೆಲ್ಲ ಎಲ್ಲ ಶಾಖೆಯವರಿಗೂ ಕಾಣಬೇಕು. 'ಯಾರೇ ಆಗಲಿ' ಎಂದು ಬರೆದು ಅದರ ಕೆಳಗೆ ಗೆರೆಯನ್ನೂ ಎಳೆದೆ. ಎಳೆಯುವಾಗ ಚನ್ನರಾಯಪಟ್ಟಣದ ಶಾಖೆಯ ಗುಮಾಸ್ತರೊಬ್ಬರು ನನ್ನ ಮನಸ್ಸಿನಲ್ಲಿದ್ದರು. ಅವರು ತೆಂಗಿನ ಸಸಿಯ ರೇಟು ಕೇಳಲೂ ನನಗೇ ಫೋನು ಮಾಡುತ್ತಿದ್ದರು. ಮಾವ ಮನಸ್ಸಿನಲ್ಲಿ ಇರಲೇ ಇಲ್ಲ.

ಸಂಜೆ ಆ ಖುಷಿಯಲ್ಲಿ ಸರೋಜಳಿಗೆ ಎಲ್ಲವನ್ನೂ ಓದಿ ಹೇಳಿದೆ. ಅವಳು ಹುರುಳಿಕಾಯಿ ಮುರಿಯುತ್ತಿದ್ದವಳು ನಿಲ್ಲಿಸಿದಳು.

"ಅಂದ್ರೆ ನಮ್ಮಪ್ಪನೂ ನಿಮ್ಗೆ ಬರೆದು ಕೊಡ್ಬೇಕಾ?"

"ನನಗಲ್ಲ, ಸಾಫ್ಟ್‌ವೇರಿಗೆ."

"ಸಾಫ್ಟ್‌ವೇರು ಯಾರಿಗೆ ಕೊಡತ್ತೆ?"

"ನನಗೆ."

"ನೀವು ಅದರ ಮೇಲೆ 'ನಿಧಾನ' ಅಂತ ಬರೀತೀರ. ಅದನ್ನ ಊರೋರೆಲ್ಲಾ ಓದ್ತಾರೆ. ಹೆಣ್ಣು ಕೊಟ್ಟ ಮಾವ ಅಳಿಯನ ಹತ್ರ ಅರ್ಜಿ ಹಾಕಿ ಕಾದ್ಕೊಂಡಿದಾನೆ ಅಂತ."

ಪ್ರಿಂಟರು ಹಾಳಾದರೆ ಅದು ನಿಯಮದ ಪ್ರಕಾರ ನಿಧಾನದ ದರ್ಜೆಗೇ ಬರುತ್ತದೆ, ಅದರಲ್ಲಿ ಅಗೌರವವೇನಿಲ್ಲ ಎಂದು ವಿವರಿಸಿದೆ. ವಿವರಿಸಬಾರದಿತ್ತು. ಅವಳು ಹುರುಳಿಕಾಯಿಯನ್ನು ಬಹಳ ಸಣ್ಣಗೆ ಮುರಿಯತೊಡಗಿದಳು. "ಆಯ್ತು. ಬಾಯಿಮಾತಿಗೆ ಬೆಲೆಯಿಲ್ಲ ಅಂದ್ಮೇಲೆ ಇನ್ನು ನಾನೂ ಏನೂ ಹೇಳಲ್ಲ" ಎಂದಳು. ಹೇಳಿದಂತೆಯೇ ನಡೆದುಕೊಂಡಳು. ಅಂದಿನಿಂದ ಕಾಫಿ ಬಂತು, ಅರಕಲಗೂಡಿನ ಸುದ್ದಿ ಬರಲಿಲ್ಲ. ನಾನು ಮಾವನ ಕಂಪ್ಯೂಟರು ಆರೋಗ್ಯವಾಗಿದೆ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಅನುಕೂಲವಾಗಿತ್ತು.

ಯೋಜನೆ ಒಪ್ಪಿಸುವ ಮೊದಲು ಎಲ್ಲ ಶಾಖೆಗೂ ಹೋಗಿ ಜನರ ಅಭಿಪ್ರಾಯ ಕೇಳಿಕೊಂಡು ಬನ್ನಿ ಎಂದರು ಸಾಹೇಬರು. ಮೊದಲು ಹೊಳೆನರಸೀಪುರಕ್ಕೆ ಹೋದೆ. ಮೊಸಳೆ ಎಂಬ ಊರು ದಾಟುವವರೆಗೂ ಬಸ್ಸಿನಲ್ಲಿ ಹೊಸ ಸಾಫ್ಟ್‌ವೇರಿನ ಬಣ್ಣ ಯಾವುದಿರಬೇಕೆಂದು ಯೋಚಿಸಿದೆ. ತಿಳಿಹಸಿರು ಎಂದು ತೀರ್ಮಾನವಾಗುವ ಹೊತ್ತಿಗೆ ಗದ್ದೆ ಬಯಲಿನ ಗಾಳಿಗೆ ನಿದ್ದೆ ಬಂದಿತ್ತು. ಅಲ್ಲಿಯ ಗುಮಾಸ್ತೆ ಇಂದ್ರಮ್ಮ ನನ್ನ ವಿವರಣೆಯನ್ನೆಲ್ಲ ತಾಳ್ಮೆಯಿಂದ ಕೇಳಿದರು. ಆಮೇಲೆ, "ಫೋನ್ ಮಾಡುದ್ರೆ 'ಆಫ್ ಮಾಡಿ ಆನ್ ಮಾಡಿ' ಅಂತೀರಾ ಸಾ. ಇನ್ಮೇಲೆ ಅದನ್ನೇ ಬರ್ದು ಯೋಳ್ತೀರಾ?" ಎಂದು ಕೇಳಿದರು. ಹೌದು ಎಂದೆ. "ಅಂಗಾದ್ರೆ ಒಳ್ಳೇದೇ. ನಿಮ್ಗೂ ಗಂಟ್ಲು ನೋವು ತಪ್ತದೆ" ಎಂದರು. ಇದನ್ನು ಒಪ್ಪಿಗೆ ಎಂದು ಬರೆದುಕೊಂಡೆ.

ಚನ್ನರಾಯಪಟ್ಟಣವೂ ಮುಗಿಯಿತು. ಉಳಿದದ್ದು ಅರಕಲಗೂಡು. ಆ ದಾರಿಯಲ್ಲಿ ಹೇಮಾವತಿಯ ನೀರು ಅಷ್ಟು ದೂರದವರೆಗೆ ಬೆಳ್ಳಗೆ ಮಲಗಿರುತ್ತದೆ. ಅದನ್ನು ನೋಡುತ್ತ ಹೋದರೆ ಯಾವ ಊರಿಗೆ ಹೊರಟಿದ್ದೇನೆ, ಯಾಕೆ ಎಂಬುದೇ ಮರೆತುಹೋಗುತ್ತದೆ. ಆ ದಿನ ಮಾತ್ರ ಮರೆಯಲಿಲ್ಲ. ಬೆಳ್ಳಕ್ಕಿಗಳನ್ನು ಎಷ್ಟು ಕರೆದರೂ ಬರಲೊಲ್ಲವು. ಬಂದ ಒಂದೇ ಒಂದು ಬೆಳ್ಳಕ್ಕಿಗೆ ನಮ್ಮ ಮಾವನ ಮೀಸೆ ಇತ್ತು.

ಶಾಖೆಗೆ ಕಾಲಿಟ್ಟರೆ ಮಾವ ಎದ್ದು ನಿಂತರು. "ಬನ್ನಿ ಅಳಿಯಂದ್ರೇ, ಕೂತ್ಕಳಿ." ಕುರ್ಚಿಯನ್ನು ತಾವೇ ಒರೆಸಿದರು. ಮಜ್ಜಿಗೆ ಬಂತು, ಬಾಳೆಹಣ್ಣು ಬಂತು. ನಾನು ಯೋಜನೆಯ ಮಾತೆತ್ತಿದೆ. ಅವರು ಹೊಗೆಸೊಪ್ಪಿನ ಮಾತೆತ್ತಿದರು. ನಾನು ಸಾಫ್ಟ್‌ವೇರ್ ಎಂದೆ. ಅವರು ಈ ಸಲ ಆಲೂಗಡ್ಡೆ ಬಿತ್ತನೆ ತಡ ಎಂದರು. ಪಕ್ಕದ ಮೇಜಿನ ಮೇಲೆ ಕಂಪ್ಯೂಟರಿಗೆ ಒಂದು ಹೂವಿನ ಟವಲು ಹೊದಿಸಿತ್ತು. ಟವಲಿನ ಮೇಲೆ ಧೂಳು ಕೂತಿತ್ತು. ಅದರ ಪಕ್ಕದಲ್ಲಿ ಮಾವ ಕೈಯಲ್ಲೇ ಬಿಲ್ಲು ಬರೆಯುತ್ತಿದ್ದರು. ನೋಡಿ ನೋಡದವನಂತೆ ನಾನು, ನೋಡಿದ್ದನ್ನು ನೋಡಿ ನೋಡದವರಂತೆ ಅವರು. ಸ್ವಲ್ಪ ಹೊತ್ತಿಗೆ "ಒಂಚೂರು ಬ್ಯಾಂಕಿಗೋಗ್ಬತ್ತೀನಿ" ಎಂದು ಮಾವ ಎದ್ದು ಹೋದರು.

ಅವರು ಬೀದಿ ತಿರುಗಿದ್ದೇ, ಕಸ ಗುಡಿಸುತ್ತಿದ್ದ ನಿಂಗಮ್ಮ ಪೊರಕೆ ನಿಲ್ಲಿಸಿ, "ಸಾ, ಅದು ಕಣ್ ಮುಚ್ಕಂಡು ತಿಂಗ್ಳಾಯ್ತಾ ಬಂತು. ನಮ್ ಮ್ಯಾನೇಜರ್ ಗೌಡ್ರು ಯಾರ್ಗೂ ಏಳ್ಬ್ಯಾಡ ಅಂದವ್ರೆ. ಅದ್ಕೇ ನಿಮ್ಗೆ ಏಳ್ತಿಲ್ಲ" ಎಂದಳು.

ನನ್ನದೇ ನಿಯಮದ ಪ್ರಕಾರ ಬರೆಯದ ದೂರು ದೂರೇ ಅಲ್ಲ. ಆದರೂ ಆ ಟವಲು ತೆಗೆದು ಬದಿಗಿಟ್ಟೆ. ಬಿತ್ತನೆಯ ಕಾಲ, ರೈತರು ಬಾಗಿಲವರೆಗೂ ನಿಂತಿರುತ್ತಾರೆ, ಈ ವಯಸ್ಸಿನಲ್ಲಿ ಮನುಷ್ಯ ಅಷ್ಟೂ ಬಿಲ್ಲನ್ನು ಕೈಯಲ್ಲಿ ಬರೆದಿದ್ದಾರೆ. ಅಂಗಿಯ ತೋಳು ಮಡಿಸಿ ಮೇಜಿನ ಕೆಳಗೆ ತೂರಿದೆ. ಅಲ್ಲಿ ಇಲಿಯೊಂದು ವೈರನ್ನು ಸಾವಕಾಶವಾಗಿ ಕಡಿದಿತ್ತು. ಅದನ್ನು ಬಿಡಿಸುತ್ತಿರುವಾಗ ಹಿಂದಿನಿಂದ ಆ ಹಳೆಯ ಗಟ್ಟಿ ದನಿ ಬಂತು.

"ಅಳಿಯಂದ್ರೇ! ಎದ್ದೇಳಿ ಮೇಲಕ್ಕೆ! ಯಾರಾರ ನೋಡುದ್ರೆ ಏನಂದ್ಕಂಡಾರು?"

"ಇಲಿ ವೈರ್ ಕಡಿದಿದೆ ಮಾವ. ಸ್ವಲ್ಪ ಇರಿ."

"ಕೆಟ್ಟದೆ ಅಂತ ಯಾರೇಳುದ್ರು ನಿಮ್ಗೆ? ನಾನೇಳಿದ್ನಾ?"

ನಾನು ವೈರಿನ ತುದಿ ಸುಲಿಯತೊಡಗಿದೆ. ಕೊಂಚ ಹೊತ್ತು ಎರಡು ಪಾದಗಳು ಮಾತ್ರ ಅಲ್ಲೇ ನಿಂತಿದ್ದವು. ಆಮೇಲೆ ಪಂಚೆ ಮೇಲಕ್ಕೆ ಸಿಕ್ಕಿಸಿದ ಸದ್ದು, ಮಂಡಿ ಲಟಕ್ಕೆಂದ ಸದ್ದು, ಉಸ್ಸೆಂಬ ಉಸಿರು. ನೋಡಿದರೆ ಮಾವ ಟಾರ್ಚು ಹಿಡಿದು ಮೇಜಿನ ಕೆಳಗೆ ನನ್ನ ಪಕ್ಕಕ್ಕೆ ಬಂದಿದ್ದರು. ಎಲೆಅಡಿಕೆಯ ವಾಸನೆ, ಟಾರ್ಚಿನ ಹಳದಿ ಬೆಳಕು, ಹೊರಗಿನ ಪೇಟೆಯ ಸದ್ದು ಎಲ್ಲೋ ದೂರ. ಲೋಕದಿಂದ ತಪ್ಪಿಸಿಕೊಂಡು ಬಂದ ಇಬ್ಬರಂತೆ ಕೂತಿದ್ದೆವು.

"ಬರೆದು ಕಳಿಸೋದ್ರಲ್ಲಿ ಏನಿದೆ ಮಾವ? ಇನ್ಮೇಲೆ ಎಲ್ಲರೂ ಕಳಿಸ್ತಾರೆ" ಎಂದೆ.

"ಅವ್ರೆಲ್ಲಾ ನಿಮ್ಗೆ ಎಣ್ಣು ಕೊಟ್ಟವ್ರಾ?" ಎಂದರು. ಟಾರ್ಚನ್ನು ವೈರಿನ ಮೇಲಿಂದ ಕದಲಿಸಲಿಲ್ಲ. ಆಮೇಲೆ ದನಿ ತಗ್ಗಿತು. "ಮದ್ವೆಗ್ ಮುಂಚೆ ಎಷ್ಟು ಚೆನ್ನಾಗಿತ್ತು ನೋಡಿ. ಬಾರ್ಲಾ ಅಂದ್ರೆ ಓಡ್ಬತ್ತಿದ್ರಿ. ಬೈದ್ರೆ ಬೈಸ್ಕತ್ತಿದ್ರಿ. ಈಗ ಕರಿಯಂಗಿಲ್ಲ, ಬೈಯಂಗಿಲ್ಲ. ಮಗ್ಳುನ್ನ ಕೊಟ್ಟು ಒಂದೊಳ್ಳೇ ರಿಪೇರಿಯವನ್ನ ಕಳ್ಕಂಡೆ."

ನನ್ನ ಬಗ್ಗೆ ಇಷ್ಟು ಒಳ್ಳೆಯ ಮಾತನ್ನು ಅವರು ಹಿಂದೆ ಆಡಿರಲಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ ವೈರಿಗೆ ಟೇಪು ಸುತ್ತಿದೆ. ಅಗತ್ಯಕ್ಕಿಂತ ಬಹಳ ಹೆಚ್ಚು ಸುತ್ತಿದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಹೇಮಾವತಿಯ ಮೇಲೆ ಬಿಸಿಲು ಬಾಡುತ್ತಿತ್ತು. ನಾನು ಯೋಜನೆಯಲ್ಲಿ ಒಂದೇ ಒಂದು ಸಾಲು ಸೇರಿಸಿದೆ: ಅರಕಲಗೂಡಿನಿಂದ ಬರುವ ದೂರುಗಳೆಲ್ಲ ನೇರವಾಗಿ ಬಷೀರನಿಗೆ ಹೋಗತಕ್ಕದ್ದು. "ಅರಕಲಗೂಡು ಮಾತ್ರ ಯಾಕ್ರೀ ಬೇರೆ?" ಎಂದರು ಸಾಹೇಬರು. "ಭೌಗೋಳಿಕ ಕಾರಣ ಸರ್" ಎಂದೆ. ಅವರು ಗಂಭೀರವಾಗಿ ತಲೆ ಆಡಿಸಿ ಸಹಿ ಹಾಕಿದರು. ಸರೋಜಳಿಗೆ ಆ ಸಾಲನ್ನು ಓದಿ ಹೇಳಿದೆ. ಅವಳು ನನ್ನ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿದಳು.

ಹೊಸ ಸಾಫ್ಟ್‌ವೇರು ಬಂತು. ತಿಳಿಹಸಿರು ಇರಲಿಲ್ಲ, ಬೂದು ಬಣ್ಣ. ಮಾವ ಮಾತ್ರ ಅದಕ್ಕೆ ಮರುಳಾದರು. ಬೈಯಲು ಒಬ್ಬ ಪರರ ಮಗ ಸಿಕ್ಕಿದ್ದನಲ್ಲ. ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಒಂದೊಂದೇ ಕೀಲಿ ಹುಡುಕಿ ಒತ್ತಿ ದೂರು ಬರೆಯುವರು. ಪ್ರಿಂಟರು ಕೆಟ್ಟರೂ ತುರ್ತು, ಫ್ಯಾನು ಕಿರುಗುಟ್ಟಿದರೂ ತುರ್ತು, ಗೋದಾಮಿನ ಹೆಂಚಿನ ಮೇಲೆ ಕೋತಿ ಕೂತರೂ ತುರ್ತು. ಬಷೀರನನ್ನು ಮನಸಾರೆ ಬೈದರು, ಮನೆಗೆ ಕರೆದು ಮುದ್ದೆ ಬಡಿಸಿದರು. ಅವನು ಅರಕಲಗೂಡಿಗೆ ಹೋಗಿ ಬಂದ ದಿನವೆಲ್ಲ ನನಗೆ ಸುಮ್ಮಸುಮ್ಮನೆ ಹಸಿವಾಗುತ್ತಿತ್ತು. ನನ್ನ ಪಾಲಿಗೆ ಉಳಿದ ಊರುಗಳಿಗೆ ಕೂತಲ್ಲಿಂದಲೇ 'ಆಫ್ ಮಾಡಿ ಆನ್ ಮಾಡಿ' ಎಂದು ಬರೆದು ಕಳಿಸುತ್ತಿದ್ದೆ.

ಆ ವರ್ಷ ದೀಪಾವಳಿಗೆ ಮಾವನ ಮನೆಗೆ ಹೋದೆವು. ಅಳಿಯನಿಗೆ ಸಲ್ಲಬೇಕಾದ ಮರ್ಯಾದೆಯೆಲ್ಲ ಸಂದಿತು. ಎಲೆಯ ಮುಂದೆ ಕೂರಿಸಿ, ಬೇಡವೆಂದರೂ ಒಬ್ಬಟ್ಟಿನ ಮೇಲೆ ತುಪ್ಪ ಸುರಿದರು. ಎದುರಿಗೆ ಟಿವಿಯಲ್ಲಿ ಕ್ರಿಕೆಟ್ಟು. ಇದ್ದಕ್ಕಿದ್ದಂತೆ ಪರದೆ ಕಪ್ಪಾಯಿತು. ನಾನು ಥಟ್ಟನೆ ಏಳಹೋದೆ. ಮಾವ ಭುಜ ಹಿಡಿದು ಕೂರಿಸಿದರು. "ಚೆ, ಚೆ, ನೀವು ಊಟ ಮಾಡಿ ಅಳಿಯಂದ್ರೇ. ಬಷೀರಪ್ಪ ಅವ್ನಲ್ಲ" ಎಂದು ಮೊಬೈಲು ತೆಗೆದು ಆ ಬಡಪಾಯಿಗೆ ಫೋನು ಹಚ್ಚಿದರು. "ಲೇ ಬಷೀರಾ, ಟಿವಿ ಒಂಟೋಯ್ತು ಕಣ್ಲಾ, ಏನಾದ್ರೂ ಮಾಡ್ಲಾ!"

ನನ್ನ ಎಲೆಯ ಪಕ್ಕದಲ್ಲೇ ಗೋಡೆಯ ಬುಡದಲ್ಲಿ ಟಿವಿಯ ಸ್ವಿಚ್ಚಿನ ಪೆಟ್ಟಿಗೆ ಇತ್ತು. ತುಪ್ಪದ ಪಾತ್ರೆ ತಗುಲಿ ಸ್ವಿಚ್ಚು ಆಫ್ ಆಗಿತ್ತು. ನಾನು ಒಬ್ಬಟ್ಟಿನ ಕಡೆಗೇ ಕಣ್ಣಿಟ್ಟು, ಮೆಲ್ಲಗೆ ಕಾಲು ಚಾಚಿ, ಹೆಬ್ಬೆರಳಿನಿಂದ ಒತ್ತಿದೆ. ಟಿವಿ ಬಂತು.

"ಭಲೇ ಬಷೀರಾ!" ಎಂದು ಮಾವ ಫೋನಿನಲ್ಲಿ ಕೂಗಿದರು. "ಹಾಸನ್ದಲ್ಲಿ ಕೂತ್ಕಂಡೇ ಸರಿ ಮಾಡ್ಬುಟ್ಟಲ್ಲಾ! ಕಲ್ತ್ರೆ ನಿನ್ನಂಗೆ ಕಲೀಬೇಕು ಕಣ್ಲಾ!" ಆಮೇಲೆ ನನ್ನ ಕಡೆ ತಿರುಗಿ, ನನಗೆ ಬೇಸರವಾದೀತೆಂದೋ ಏನೋ, "ನೀವೂ ಪರವಾಗಿಲ್ಲ, ಅಳಿಯಂದ್ರೇ" ಎಂದರು.

ಬಡಿಸುತ್ತಿದ್ದ ಸರೋಜ ನನ್ನ ಮುಖ ನೋಡಲಿಲ್ಲ. ಅವಳು ನನ್ನ ಕಾಲನ್ನು ನೋಡುತ್ತಿದ್ದಳು.