ಹೊಳೆಯುವ ಕೊಡದ ನೆಗ್ಗು

ಹೊಳೆಯುವ ವಸ್ತುಗಳ ಮೇಲೆ ನನಗೆ ನಂಬಿಕೆ ಕಡಿಮೆ. ಎಪ್ಪತ್ತರ ದಶಕವಿಡೀ ಕೊಲ್ಹಾಪುರದ ಒಂದು ಕಾರಖಾನೆಯಲ್ಲಿ ನಾನು ಮಾಡಿದ್ದು ಒಂದೇ ಕೆಲಸ: ಲೋಹದ ಭಾಗಗಳ ಮೇಲೆ ದಾರದಷ್ಟು ಸಣ್ಣ ಬೆಳಕಿನ ಗೆರೆ ಬಿಟ್ಟು, ಓರೆಯಿಂದ ನೋಡಿ, ಗೆರೆ ಬಾಗಿದ ಕಡೆ ಎಷ್ಟು ಆಳದ ತಗ್ಗಿದೆ ಎಂದು ಹೇಳುವುದು. ಮಂಕು ಕಬ್ಬಿಣ ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ. ಪಾಲಿಶ್ ಮಾಡಿದ್ದು ಮಾತ್ರ ಟ್ಯೂಬ್‌ಲೈಟು, ಕಿಟಕಿ, ಮೇಸ್ತ್ರಿಯ ಅಂಗಿ ಎಲ್ಲವನ್ನೂ ತನ್ನದೆಂದೇ ತೋರಿಸುತ್ತದೆ. ಈ ಜ್ಞಾನದಿಂದ ಮನೆಯಲ್ಲಿ ನನ್ನ ಮರ್ಯಾದೆಯೇನೂ ಹೆಚ್ಚಿರಲಿಲ್ಲ.

ಗಡಹಿಂಗ್ಲಜದಲ್ಲಿ ನಾದಿನಿಯ ಮದುವೆ. ಹಿರಿಯ ಅಳಿಯನಾದ ನಾನು ಹಿತ್ತಾಳೆಯ ಕೊಡ ಒಯ್ಯಬೇಕು, ಅತ್ತೆಯವರು ಅದನ್ನು ಬೀಗರ ಮುಂದೆ ಇಡಬೇಕು. ನನ್ನ ಮಾನವೆಲ್ಲ ಆ ಕೊಡದಲ್ಲಿತ್ತು. ಮನೆಗೆ ತಂದ ಕೂಡಲೇ ಹೆಂಡತಿ, "ನೆಗ್ಗೈತಿ ನೋಡ್ರಿ" ಎಂದಳು. "ಅದು ಕಿಡಕಿ ನೆರಳ" ಎಂದೆ. "ಕಿಡಕಿ ಹಾಕೇನ್ರಿ. ಆದ್ರೂ ಐತಿ."

ಬ್ಯಾಟರಿಯ ಬಾಯಿಗೆ ಸೀಳಿದ ರಟ್ಟು ಕಟ್ಟಿ ಗೆರೆ ಬಿಟ್ಟೆ. ಕೊಡದ ಮೇಲೆ ಒಂದಲ್ಲ, ಹಲವು ಗೆರೆಗಳು ಕುಣಿದವು. ಬೆರಳು ಮುಳುಗುವಷ್ಟು ದೊಡ್ಡ ತಗ್ಗೊಂದು ಕಂಡಿತು. ತಲೆ ಸರಿಸಿದೆ, ಅದೂ ಸರಿಯಿತು. ಅದು ನನ್ನ ಮೂಗು. ಕಾರಖಾನೆಯಲ್ಲಾದರೆ ಸೀಮೆಸುಣ್ಣದ ಪುಡಿ ಸವರಿ ಹೊಳಪು ಅಡಗಿಸುತ್ತಿದ್ದೆವು. ಮನೆಯಲ್ಲಿ ಕೈಗೆ ಸಿಕ್ಕಿದ್ದು ದೇವರ ಜಗಲಿಯ ವಿಭೂತಿ. ಸವರಿದೆ. ಗೆರೆ ಒಂದೇ ಆಯಿತು, ಕೊಡದ ಹೊಟ್ಟೆಯ ಬಳಿ ಸ್ಪಷ್ಟವಾಗಿ ಬಾಗಿತು. ಹೆಂಡತಿ ಹೇಳಿದ್ದೇ ನಿಜ. ಸೋತರೂ ಅಳತೆ ಸರಿಬಂದ ಖುಷಿ ನನಗೆ.

ಆ ಖುಷಿಯಲ್ಲಿ ಕೊಡ ತೊಳೆಯದೆ, ಬದಲಿಸಿ ತರೋಣವೆಂದು ಅಂಗಡಿಗೆ ಹೊತ್ತೊಯ್ದೆ. ಅಂಗಡಿಯವನು ನೆಗ್ಗಿನ ಕಡೆ ನೋಡಲೇ ಇಲ್ಲ. ಚಪ್ಪಲಿ ಬಿಟ್ಟು ಕೈಮುಗಿದ.

"ಹೇ ಆತಾ ದೇವಾಚಂ ಝಾಲಂ. ಇದೀಗ ದೇವರದಾತ್ರಿ. ಪೂಜಿ ಆದ ಕೊಡಾ ತಿರುಗಿ ತಗೊಂಡು ಮತ್ತೊಬ್ಬರಿಗೆ ಹೆಂಗ ಮಾರಲ್ರಿ?"

"ಪೂಜಿ ಅಲ್ರಿ, ಅಳತಿ" ಎಂದೆ.

"ಈಬತ್ತಿ ಹಚ್ಚಿ ಅಳತಿ ಮಾಡೋರನ್ನ ನಾ ನೋಡಿಲ್ರಿ."

ನಾನೂ ನೋಡಿರಲಿಲ್ಲ, ಕೊಡ ಹೊತ್ತು ಹಿಂದಿರುಗಿದೆ.

ಮರುದಿನ ಅದೇ ಕೊಡ ನಮ್ಮೊಂದಿಗೆ ಗಡಹಿಂಗ್ಲಜದ ಬಸ್ಸು ಹತ್ತಿತು. ಹೆಂಡತಿ ಅದನ್ನು ತೊಳೆದು ನೆಗ್ಗಿನ ಮೇಲಷ್ಟೇ ಮೂರು ಬೆರಳಿನ ವಿಭೂತಿ ಎಳೆದಿದ್ದಳು. ಬೀಗರ ಮುಂದೆ ಅತ್ತೆಯವರು ಕೊಡದ ಮೇಲೆ ಅಂಗೈ ಆಡಿಸುತ್ತ ಬಂದವರು ನೆಗ್ಗಿನ ಮೇಲೆ ಕೈ ನಿಲ್ಲಿಸಿದರು.

"ಪೂಜಿ ಮಾಡೂವಾಗ ಕೈ ಜಾರಿತೇನ್ರಿ, ಅಳಿಯಂದ್ರ?"

"ಹೌದ್ರಿ" ಎಂದೆ.

"ಭಾಳ ಭಕ್ತಿ ನಮ್ಮ ಅಳಿಯಂದ್ರಿಗೆ" ಎಂದು ಅವರು ಬೀಗರ ಕಡೆ ತಿರುಗಿದರು. ಅಷ್ಟು ವರ್ಷ ಕೂದಲೆಳೆಯಷ್ಟೂ ತಪ್ಪದಂತೆ ನಾನು ಹೇಳಿದ ಆಳವನ್ನೆಲ್ಲ ಕಾರಖಾನೆಯಲ್ಲಿ ಇನ್ನೊಬ್ಬರು ಮತ್ತೆ ಅಳೆದೇ ನೋಡುತ್ತಿದ್ದರು. ಈ ಒಂದು ಸುಳ್ಳನ್ನು ಮಾತ್ರ ಎಲ್ಲರೂ ಕೂತಲ್ಲೇ ನಂಬಿದರು.