ನಾನು ತುತ್ತೂರಿ ಎತ್ತಿದ ಮುಹೂರ್ತ

ಇಳಕಲ್ಲಿನ ಹೈಸ್ಕೂಲೊಂದರಲ್ಲಿ ನಾನು ಪಿ.ಟಿ. ಮಾಸ್ತರ. ಶಿಸ್ತು ಎಂಬ ಪದಾರ್ಥ ಈ ಊರಲ್ಲಿ ಇನ್ನೂ ಉಳಿದಿದ್ದರೆ ಅದು ನನ್ನ ಸೀಟಿಯ ದಯೆ ಎಂದು ನಾನು ಮನಸಾರೆ ನಂಬಿದ್ದೇನೆ. ಶಾಲೆಯ ಬ್ಯಾಂಡಿನಲ್ಲಿ ಟ್ರಂಪೆಟ್ಟನ್ನೂ ಊದುತ್ತೇನೆ. ಹೀಗಾಗಿ ನನ್ನ ಹೆಂಡತಿಯ ತಮ್ಮ ಮಲ್ಲು ಬಾಗಲಕೋಟೆಯಿಂದ ಫೋನು ಮಾಡಿ, "ಮಾಮಾ, ನಮ್ಮ ಟ್ರಂಪೆಟ್ಟಿನಾವ ಕೈ ಕೊಟ್ಟಾನ್ರಿ, ನೀವು ಬರ್ರಿ" ಎಂದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಇಷ್ಟು ತಡವಾಗಿ ಕರೆದನಲ್ಲ ಎಂದು ಸಿಟ್ಟು ಬಂತು, ಅಷ್ಟೇ.

ಮಲ್ಲುವಿನದು ಫಂಕ್ ಬ್ಯಾಂಡ್. ಫಂಕ್ ಎಂದರೇನೆಂದು ನಾನೂ ಅಲ್ಲಿಯೇ ಕಲಿತದ್ದು. ಡ್ರಮ್ಮು ಮತ್ತು ಮಲ್ಲುವಿನ ಬೇಸ್ ಗಿಟಾರು ಒಂದೇ ಲಯ ಹಿಡಿದು ಬಿಡದೆ ಕುಟ್ಟುತ್ತಿರುತ್ತವೆ. ಅದರ ಮೇಲೆ ಊದುವವರು ಮೂವರು: ನಾನು, ಸ್ಯಾಕ್ಸೋಫೋನಿನ ಹುಸೇನಸಾಬ, ಟ್ರೊಂಬೋನಿನ ಬಸು. ಮೂವರೂ ಒಂದೇ ಉಸಿರಿಗೆ 'ಪ್ಯಾಂ! ಪ್ಯಾಂ!' ಎಂದು ಹೊಡೆಯಬೇಕು. ನಡುವೆ ಒಬ್ಬ ತನ್ನ ಮನಸ್ಸಿಗೆ ಬಂದದ್ದನ್ನು ಊದುತ್ತಾ ಒಂದಿಷ್ಟು ಅಡ್ಡಾಡಿ ಬಂದು ಮತ್ತೆ ಉಳಿದವರನ್ನು ಕೂಡಿಕೊಳ್ಳಬೇಕು.

ಈ ಅಡ್ಡಾಡುವುದು ನನಗೆ ಸುತಾರಾಂ ಸೇರಲಿಲ್ಲ. ಪರೇಡು ನಡೆದಿರುವಾಗ ಒಬ್ಬ ಹುಡುಗ ಚಹಾ ಕುಡಿದು ಬರುತ್ತೇನೆಂದು ಹೋದರೆ ಬಿಡುತ್ತೇವೆಯೇ?

"ಮಾಮಾ, ಅರ್ಧ ತಾಲೀಮು, ಅರ್ಧ ಆ ಹೊತ್ತಿಗೆ ಹೊಳದದ್ದು. ಎರಡೂ ಬೇಕ್ರಿ" ಎಂದ ಮಲ್ಲು.

"ಹೊಳಿಯೂದು ಗಿಳಿಯೂದು ನನ್ನ ಹತ್ರ ನಡಿಯೂದಿಲ್ಲ!" ಎಂದೆ.

ಮೊದಲ ಕಾರ್ಯಕ್ರಮವೂ ಗೊತ್ತಾಯಿತು. ನನ್ನ ಹೆಂಡತಿ ಕಸ್ತೂರಿಯ ಅಕ್ಕ ಶಾಂತಕ್ಕನ ಮಗಳು ಸವಿತಾಳ ಲಗ್ನ, ಇಳಕಲ್ಲಿನ ಕಲ್ಯಾಣ ಮಂಟಪದಲ್ಲಿ. ಇಲ್ಲೊಂದು ಮಾತು ಹೇಳಬೇಕು. ನಮ್ಮ ಕಡೆ ಲಗ್ನದಲ್ಲಿ ಜನ ಅಯ್ಯನವರ ಮಂತ್ರಕ್ಕೆ ಕಿವಿ ಕೊಡುವುದಿಲ್ಲ, ವಾದ್ಯಕ್ಕೆ ಕೊಡುತ್ತಾರೆ. ಮಂಗಳಾಷ್ಟಕ ಮುಗಿದು ತಾಳಿ ಕಟ್ಟುವಾಗ ಬ್ಯಾಂಡು ಬಾರಿಸಿತೋ, ಮುಷ್ಟಿಯಲ್ಲಿದ್ದ ಅಕ್ಕಿಕಾಳು ಒಗೆದು ಸೀದಾ ಊಟದ ಪಂಕ್ತಿಗೆ! ಇದರ ಮೇಲೆ ಗುಡೂರಿನ ಬೀಗರ ಮನೆಯ ಅಜ್ಜಿ, ಎಂದರೆ ವರನ ಅಜ್ಜಿ, ಕಟ್ಟುನಿಟ್ಟಾಗಿ ಹೇಳಿಕಳಿಸಿದ್ದರು: "ತಾಳಿ ಕಟ್ಟೂ ಹೊತ್ತಿಗೇ ಅಕ್ಕಿಕಾಳು ಬೀಳಬೇಕು. ಹಿಂದ ಮುಂದ ಆದ್ರ ನಾ ಸುಮ್ನಿರಾಕಿ ಅಲ್ಲ."

ಶಾಂತಕ್ಕನಿಗೆ ಈ ಬ್ಯಾಂಡಿನ ಮೇಲೆ ನಂಬಿಕೆ ಇರಲಿಲ್ಲ. ಕಸ್ತೂರಿಯೇ ತವರಿನವರೆಲ್ಲರ ಎದುರು ನಮಗೆ ಜಾಮೀನು ನಿಂತಿದ್ದಳು.

"ನೋಡ್ರಿ, ಅಕ್ಕಗ ನಾ ಮಾತು ಕೊಟ್ಟೇನಿ. ನನ್ನ ಮಾರಿ ಉಳಸ್ರಿ" ಎಂದಳು. ಹೀಗೆ ಬೇಡಿಕೊಳ್ಳುವ ಹೆಂಗಸಲ್ಲ ಅವಳು. ಅದನ್ನು ಕೇಳಿ ನನ್ನ ಎದೆ ಒಂದು ಅಂಗುಲ ಅಗಲವಾಯಿತು.

ತಾಲೀಮನ್ನು ನಾನೇ ಕೈಗೆತ್ತಿಕೊಂಡೆ. ನಿಯಮ ಒಂದೇ. ನಾನು ಟ್ರಂಪೆಟ್ಟನ್ನು ಮೇಲಕ್ಕೆ ಎತ್ತಿದರೆ ಎಲ್ಲರೂ ಕೂಡಿ ಹೊಡೆಯಬೇಕು. ಮತ್ತೊಮ್ಮೆ ಎತ್ತಿದರೆ ಎರಡು ಪಟ್ಟು ಜೋರು. ಎತ್ತದಿದ್ದರೆ ಉಸಿರೂ ಬಿಡಕೂಡದು. "ಕಣ್ಣು ನನ್ನ ತುತ್ತೂರಿ ಮ್ಯಾಲೆ! ತಲಿ ಓಡಸಬ್ಯಾಡ್ರಿ!" ಎಂದು ಸೀಟಿ ಊದಿ ಊದಿ ತಿದ್ದಿದೆ. ಕೊನೆಕೊನೆಗೆ ಬಸು ನಾನು ಬೆವರು ಒರೆಸಲು ಕೈ ಎತ್ತಿದರೂ 'ಪ್ಯಾಂ' ಎನ್ನುತ್ತಿದ್ದ. ನನಗೆ ಕಣ್ಣು ತುಂಬಿ ಬಂತು.

"ಮಾಸ್ತರ, ಮಂಟಪದಾಗ ಏನರ ಬ್ಯಾರೆನ ಆದ್ರ?" ಎಂದು ಹುಸೇನಸಾಬ ಕೇಳಿದ.

"ಆಗೂದಿಲ್ಲ!" ಎಂದೆ.

ಲಗ್ನದ ದಿನ ಮಂಟಪ ಗಿಜಿಗಿಜಿ ಎನ್ನುತ್ತಿತ್ತು. ನಮಗೆ ವೇದಿಕೆಯ ಪಕ್ಕದಲ್ಲಿ, ಮೈಕಿನ ಎದುರಿಗೇ ಜಾಗ ಸಿಕ್ಕಿತ್ತು. ಅಯ್ಯನವರು ಮಂಗಳಾಷ್ಟಕ ಶುರು ಮಾಡಿದರು. ಒಳಗಿನಿಂದ ಗೋಧಿ ಹುಗ್ಗಿಯ ವಾಸನೆ ಬರತೊಡಗಿತು. ಮುಷ್ಟಿಯಲ್ಲಿ ಅಕ್ಕಿಕಾಳು ಹಿಡಿದ ಸಕಲ ಬಂಧುಬಳಗದ ಒಂದು ಕಣ್ಣು ವಧೂವರರ ಮೇಲೂ ಇನ್ನೊಂದು ಊಟದ ಮನೆಯ ಬಾಗಿಲ ಮೇಲೂ ಇತ್ತು.

ಅಷ್ಟರಲ್ಲಿ ಗುಡೂರಿನ ಅಜ್ಜಿಯೇ ಅಕ್ಕಿಕಾಳಿನ ತಾಟು ಹಿಡಿದು, ಸಿಗದವರಿಗೆ ಹಂಚುತ್ತಾ ನಮ್ಮ ಕಡೆಗೆ ಬಂದರು. ದಾರಿ ಇಕ್ಕಟ್ಟು. ನನ್ನ ಟ್ರಂಪೆಟ್ಟು ಅಡ್ಡ.

"ಸರಿಯೋ ತಮ್ಮಾ, ಹಾದಿ ಬಿಡು" ಎಂದರು.

ಹಿರಿಯರಿಗೆ ದಾರಿ ಬಿಡಬೇಕು. ಅದೂ ಶಿಸ್ತೇ. ನಾನು ವಿನಯದಿಂದ ಟ್ರಂಪೆಟ್ಟನ್ನು ಮೇಲಕ್ಕೆ ಎತ್ತಿದೆ.

ಪ್ಯಾಂ!

ಡ್ರಮ್ಮು, ಗಿಟಾರು, ಸ್ಯಾಕ್ಸೋಫೋನು, ಟ್ರೊಂಬೋನು ಎಲ್ಲವೂ ಒಮ್ಮೆಲೇ! ಕೂದಲೆಳೆಯಷ್ಟೂ ಹಿಂದುಮುಂದಿಲ್ಲ! ಅಷ್ಟು ಅಚ್ಚುಕಟ್ಟಾಗಿ ಅವರು ತಾಲೀಮಿನಲ್ಲೂ ಬಾರಿಸಿರಲಿಲ್ಲ. ಮಂಟಪದ ತುಂಬ ಅಕ್ಕಿಕಾಳು ಹಾರಿತು. ವರ ಕಟ್ಟಬೇಕಾದ ತಾಳಿ ಇನ್ನೂ ತಾಟಿನಲ್ಲೇ ಇತ್ತು! ಅಯ್ಯನವರು ಅರ್ಧ ಶ್ಲೋಕದಲ್ಲಿ ಬಾಯಿ ತೆರೆದುಕೊಂಡೇ ನಿಂತರು. ಶಾಂತಕ್ಕ ಎದೆ ಹಿಡಿದುಕೊಂಡು ಕುರ್ಚಿಯ ಮೇಲೆ ಕುಸಿದಳು.

"ನಿಲ್ಲಸ್ರೋ!" ಎಂದು ಎರಡೂ ಕೈ ಎತ್ತಿ ಬೀಸಿದೆ. ಕೈಯಲ್ಲಿ ಟ್ರಂಪೆಟ್ಟು ಇತ್ತು. ಎರಡನೇ ಸಲ ಎತ್ತಿದಂತಾಯಿತು. ಎರಡು ಪಟ್ಟು ಜೋರು!

ಜನ ಊಟದ ಮನೆಗೆ ನುಗ್ಗಿದರು. ಮಲ್ಲು ಗಿಟಾರು ಬಿಟ್ಟು, ಬಸುವಿನ ಟ್ರೊಂಬೋನು ಕಸಿದುಕೊಂಡು ಕಿರುಚಿದ: "ಮಾಮಾ, ಏನರ ಮಾಡ್ರಿ! ಮಂದಿ ಊಟಕ್ಕ ಹೊಂಟಾರ! ಮನಸ್ಸಿಗೆ ಬಂದದ್ದು ಊದ್ರಿ!"

ಜೀವಮಾನದಲ್ಲಿ ಮೊದಲ ಸಲ ನಾನು ತಾಲೀಮಿಲ್ಲದೆ ಊದಬೇಕಾಯಿತು. ಮನಸ್ಸಿನಲ್ಲಿ ಹುಡುಕಿದೆ. ಅಲ್ಲಿ ಇದ್ದದ್ದು ಒಂದೇ, ಬೆಳಗ್ಗೆ ಮೈದಾನದಲ್ಲಿ ಹುಡುಗರನ್ನು ಸಾಲು ನಿಲ್ಲಿಸಲು ನಾನು ಊದುವ ಕರೆ. ಅದನ್ನೇ ಊದಿದೆ.

ಬಾಗಿಲಲ್ಲಿದ್ದ ಗುಂಪು ಗಕ್ಕನೆ ನಿಂತಿತು! ಅದರಲ್ಲಿ ಅರ್ಧಕ್ಕರ್ಧ ನನ್ನ ಹಳೆಯ ವಿದ್ಯಾರ್ಥಿಗಳು. ಹೊಟ್ಟೆ ಬಂದ ಸೀರೆ ವ್ಯಾಪಾರಿ, ಕಂಕುಳಲ್ಲಿ ಕೂಸು ಹಿಡಿದ ತಾಯಿ, ಒಬ್ಬ ದಂತವೈದ್ಯ, ಎಲ್ಲರೂ ಎತ್ತರದ ಪ್ರಕಾರ ಸಾಲಾಗಿ ನಿಂತುಬಿಟ್ಟರು. ಯಾಕೆ ನಿಂತೆವೆಂದು ಅವರಿಗೇ ಗೊತ್ತಿರಲಿಲ್ಲ. ಅವರು ಬಾಗಿಲಿಗೆ ಅಡ್ಡ ನಿಂತದ್ದರಿಂದ ಉಳಿದವರೂ ನಿಲ್ಲಲೇಬೇಕಾಯಿತು.

ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು. "ಅಕ್ಕಿಕಾಳು ಎಲ್ಲಾ ನೆಲದ ಮ್ಯಾಲೆ ಅದಾವಲ್ಲೋ! ಈಗೇನ್ ಒಗೀತಿ? ನಿನ್ನ ತುತ್ತೂರಿನಾ?"

ನಾನು ಸೀಟಿ ತೆಗೆದೆ. "ಎಲ್ಲಾರೂ ಬಗ್ರಿ! ಆರಿಸ್ರಿ! ಏಳ್ರಿ!" ಎಂದು ಆಜ್ಞೆ ಕೊಟ್ಟೆ. ರೇಷ್ಮೆ ಸೀರೆಯವರು, ಟೊಪ್ಪಿಗೆಯವರು ಎಲ್ಲರೂ ಬಗ್ಗಿ ಜಮಖಾನೆಯ ಮೇಲಿನ ಅಕ್ಕಿಕಾಳು ಆರಿಸಿದರು. ದಂತವೈದ್ಯ ನನ್ನನ್ನು ನುಂಗುವ ಹಾಗೆ ನೋಡಿದ.

ಅಯ್ಯನವರು ಮತ್ತೆ ಮೊದಲಿನಿಂದ ಶುರು ಮಾಡಿದರು. ಈ ನಡುವೆ ಕಸ್ತೂರಿ ಸೆರಗು ಸಿಕ್ಕಿಸಿಕೊಂಡು ಬಂದವಳೇ ಹಿಂದಿನಿಂದ ನನ್ನ ಎರಡೂ ಮೊಣಕೈಗಳನ್ನು ಗಟ್ಟಿಯಾಗಿ ಹಿಡಿದಳು.

"ಎತ್ತಿ ನೋಡ್ರಿ ಈಗ! ಮುರೀತೇನಿ!" ಎಂದಳು. ಅಕ್ಕನ ಕಡೆ ನೋಡುವ ಧೈರ್ಯ ಅವಳಿಗಿರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಮಂಗಳಾಷ್ಟಕ ಮುಗಿಯಿತು. ವರ ತಾಳಿ ಕೈಗೆತ್ತಿಕೊಂಡ. ಅಯ್ಯನವರು ನಮ್ಮ ಕಡೆ ನೋಡಿದರು.

ಸದ್ದೇ ಇಲ್ಲ!

ಜನ ಮುಷ್ಟಿ ಬಿಗಿಹಿಡಿದು ನಿಂತಿದ್ದಾರೆ, ಒಬ್ಬರೂ ಒಗೆಯುತ್ತಿಲ್ಲ. ವರನ ಕೈ ತಾಳಿಯ ಗಂಟಿನ ಮೇಲೆ ನಿಂತುಬಿಟ್ಟಿದೆ.

"ಊದ್ರೋ ಲೇ!" ಎಂದು ಮಲ್ಲು ಟ್ರೊಂಬೋನನ್ನು ಬಸುವಿನ ಕೈಗೆ ಮರಳಿ ತುರುಕಿದ.

"ಮಾಸ್ತರ ಎತ್ತಲಾರದ ಹೆಂಗ ಊದೂದ್ರಿ?" ಎಂದ ಬಸು.

"ಕಾಕಾ! ಊದ್ರಿ!" ಎಂದು ಮದುಮಗಳು ಸವಿತಾಳೇ ಕೂಗಿದಳು. ಪಾಪ, ಅವಳ ಕಣ್ಣಲ್ಲಿ ನೀರಿತ್ತು.

ಎತ್ತಲು ಹೆಂಡತಿ ಬಿಡುತ್ತಿಲ್ಲ. ಇರಲಿ! ತುತ್ತೂರಿಯನ್ನು ನೆಲದ ಕಡೆಗೇ ಮುಖ ಮಾಡಿ, ಕುತ್ತಿಗೆ ಬಗ್ಗಿಸಿ ಊದಿದೆ. ಒಣಗಿದ ತುಟಿಯಿಂದ ಬಂದದ್ದು 'ಪೊಂಯ್' ಎಂಬ ಒಂದು ದರಿದ್ರ ಸ್ವರ. ಹುಸೇನಸಾಬ ಕಣ್ಣು ಮುಚ್ಚಿ ಅದೇ ಸ್ವರವನ್ನು ಎತ್ತಿಕೊಂಡ, ಅದಕ್ಕೆ ಬಾಲ ಜೋಡಿಸಿದ, ಬಸು ತನ್ನದೊಂದು ಸೇರಿಸಿದ, ಡ್ರಮ್ಮು ಓಡಿ ಬಂದು ಕೂಡಿಕೊಂಡಿತು. ತಾಲೀಮಿನಲ್ಲಿ ಎಂದೂ ಇಲ್ಲದ ಹಾಡೊಂದು ಎದ್ದು ನಿಂತಿತು. ತಾಳಿಯ ಗಂಟು ಬಿತ್ತು, ಅದೇ ಹೊತ್ತಿಗೆ ಅಕ್ಕಿಕಾಳೂ ಬಿತ್ತು. ಅಜ್ಜಿ "ಹೂಂ, ಈಗ ಆತು" ಎಂದರು. ಶಾಂತಕ್ಕ ಕುರ್ಚಿಯಿಂದ ಎದ್ದಳು.

ಆದರೆ ನನ್ನ ಹಳೆಯ ವಿದ್ಯಾರ್ಥಿಗಳಿದ್ದರಲ್ಲ! ಎಷ್ಟೋ ವರ್ಷಗಳ ಸಿಟ್ಟು, ಮೇಲೆ ಇವತ್ತಿನ ಬಗ್ಗಿಸಿದ ಸಿಟ್ಟು. ದಂತವೈದ್ಯನ ಮುಂದಾಳತ್ವದಲ್ಲಿ ಇಡೀ ಸಾಲೇ ನನ್ನ ಕಡೆ ತಿರುಗಿ, ಮುಷ್ಟಿಯಲ್ಲೇ ಉಳಿಸಿಕೊಂಡಿದ್ದ ಅಕ್ಕಿಕಾಳನ್ನೆಲ್ಲ ನನ್ನ ತಲೆಗೆ ಗುರಿಯಿಟ್ಟು ಒಗೆಯಿತು. ನನ್ನ ಮೊಣಕೈ ಹಿಡಿದು ಒತ್ತಿಕೊಂಡೇ ನಿಂತಿದ್ದ ಕಸ್ತೂರಿಯ ಮೇಲೂ ಅಷ್ಟೇ ಬಿತ್ತು. ಇಬ್ಬರ ತಲೆಯ ಮೇಲೂ ಅಕ್ಕಿಕಾಳು, ಹಿಂದೆ ವಾದ್ಯ, ಎದುರಿಗೆ ಸಮಸ್ತ ಬಂಧುಬಳಗ!

ಅವಳು ಬೆಚ್ಚಿಬಿದ್ದು ಕೈ ಬಿಟ್ಟಳು.

"ಅಯ್ಯ ನನ್ನ ಶಿವನ! ಎರಡನೇ ಸಲಾನೂ ಇದೇ ಗಂಡನಾ?"

ನಮ್ಮ ಲಗ್ನದಲ್ಲಿ ಮೊದಲ ಸಲ ಅಕ್ಕಿಕಾಳು ಬಿದ್ದಾಗಲೂ ಹೀಗೇ ಏನೋ ಅಂದುಕೊಂಡಿರಬೇಕು, ಪಾಪ, ಮನಸ್ಸಿನೊಳಗೆ. ಈ ಸಲ ಎದುರಿಗೆ ಮೈಕಿತ್ತು.