ಮೂರನೆಯ ಮಹಡಿಗೆ ಬಂದ ಮಂತ್ರಿ

ಅಕ್ಟೋಬರ್ ಹನ್ನೊಂದರ ನನ್ನ ದಿನಚರಿಯಲ್ಲಿ, ಬೆಳಗಿನ ತಾಪಮಾನದ ಕೆಳಗೆ, ಒಂದೇ ಒಂದು ವಾಕ್ಯವಿದೆ: "ನಾನಿರುವವರೆಗೆ ಟಗರಿನ ಬಾಯಲ್ಲಿ ಮೇಕೆ ಅರಚಲು ಬಿಡುವುದಿಲ್ಲ." ಬಿಷ್ಕೆಕ್ ನಗರದ ಕಾಲೇಜೊಂದರಲ್ಲಿ ಇಪ್ಪತ್ತಮೂರು ವರ್ಷ ಪ್ರಾಣಿಶಾಸ್ತ್ರ ಕಲಿಸಿದವನ ಪ್ರತಿಜ್ಞೆ ಅದು. ಕೆಳಗೆ ಗೆರೆ ಎಳೆದಿದ್ದೇನೆ. ಎರಡು ಗೆರೆ.

ಕಾರಣ ನನ್ನ ಹಳೆಯ ವಿದ್ಯಾರ್ಥಿನಿ ಮೀರಿಮ್. ಅಂತರ್ಜಾಲದ ಆಟಗಳನ್ನು ತಯಾರಿಸುವ ಸಂಸ್ಥೆಯೊಂದರಲ್ಲಿ ಆಕೆ ಸದ್ದಿನ ಮೇಲ್ವಿಚಾರಕಿ. ದುಡ್ಡು ಕಟ್ಟಿ ಆಡುವ ಅವರ ಹೊಸ ಸ್ಲಾಟ್ ಜೂಜಾಟದ ತುಂಬ ನಮ್ಮ ಬೆಟ್ಟಗಳ ಪ್ರಾಣಿಗಳು: ಹಿಮಚಿರತೆ, ತೋಳ, ಹದ್ದು, ಕುದುರೆ, ಟಗರು. ಗುಂಡಿ ಒತ್ತಿದರೆ ಪ್ರಾಣಿಚಿತ್ರಗಳ ಐದು ಕಂಬಗಳು ಗರಗರ ತಿರುಗಿ ನಿಲ್ಲುತ್ತವೆ. ಒಂದೇ ಸಾಲಿನಲ್ಲಿ ಒಂದೇ ಪ್ರಾಣಿ ನಿಂತರೆ ಗೆಲುವು. ಗೆದ್ದ ಪ್ರಾಣಿಗಳು ಮಾಯವಾಗಿ, ತೆರವಾದ ಜಾಗಕ್ಕೆ ಮೇಲಿನಿಂದ ಹೊಸವು ಉದುರುತ್ತವೆ. ಟಗರಿಗೆ ಮಾತ್ರ ಸಾಲಿನ ಹಂಗಿಲ್ಲ. ಎಲ್ಲೇ ಆಗಲಿ ಮೂರು ಟಗರು ಕಾಣಿಸಿದರೆ ಹತ್ತು ಬಿಟ್ಟಿ ಸುತ್ತು. ಪ್ರಾಣಿಗಳಲ್ಲಿ ಶಾಸ್ತ್ರೀಯ ದೋಷಗಳಿದ್ದರೆ ತಿಳಿಸಿ ಎಂದು ಮೀರಿಮ್ ಕೇಳಿದ್ದಳು. ಹನ್ನೊಂದು ಪುಟಗಳಲ್ಲಿ ತಿಳಿಸಿದೆ. ಅವುಗಳಲ್ಲಿ ಅಕ್ಷಮ್ಯವಾದದ್ದು ಒಂದು: ಪರದೆಯ ಮೇಲೆ ಟಗರು ಬಂದಾಗಲೆಲ್ಲ ಕೇಳಿಸುತ್ತಿದ್ದದ್ದು ಮೇಕೆಯ ದನಿ. ಅದೂ ಹಾಲು ಬಿಡದ ಮರಿಯದು.

"ಮೇಷ್ಟ್ರೇ, ಆಡೋರಿಗೆ ವ್ಯತ್ಯಾಸ ಗೊತ್ತಾಗಲ್ಲ," ಎಂದಳು ಮೀರಿಮ್.

"ಟಗರಿಗೆ ಗೊತ್ತಾಗುತ್ತೆ."

"ಹಾಗಾದ್ರೆ ಸೋಮವಾರದೊಳಗೆ ನೀವೇ ಒಂದು ಒಳ್ಳೇ ದನಿ ಹಿಡಿದು ಕಳಿಸಿ."

ಈ ಜವಾಬ್ದಾರಿಯನ್ನು ನಾನು ಮನೆಯಲ್ಲಿ ಗಂಭೀರವಾಗಿಯೇ ಪ್ರಕಟಿಸಿದೆ. ನನ್ನ ಹೆಂಡತಿ ಸಾಯ್ರಾಗುಲ್ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

"ಆ ಆಟ ಆಡೋರೇ ಕುರಿ ಆಗ್ತಾರಲ್ಲ ರೀ. ಅವರ ದನೀನೇ ಹಿಡ್ಕೊಳ್ಳಿ. ಖರ್ಚೂ ಇಲ್ಲ."

ಟಗರು ಆಕೆಯ ತಮ್ಮ ಝಾನಿಬೆಕ್‌ನ ಬಳಿ ಇತ್ತು. ತೊಕ್‌ಮೊಕ್‌ನಲ್ಲಿ ಅವನಿಗೆ ಇನ್ನೂರು ಕುರಿಗಳ ಮಂದೆ. ಅದರ ಒಡೆಯ ನಿಜಕ್ಕೂ ಅವನಲ್ಲ, ಈ ಟಗರು. ನೂರ ನಲವತ್ತು ಕಿಲೋ ತೂಕ, ಹಿಂದೆ ದಿಂಬಿನಂತೆ ತೂಗುವ ಕೊಬ್ಬಿನ ಬಾಲ, ನಿಧಾನವಾದ ನಡಿಗೆ. ಎದುರಿಗೆ ಯಾರೇ ಬಂದರೂ ಮಾತಿಲ್ಲ. ಆದ್ದರಿಂದಲೇ ಹೆಸರು ಮಂತ್ರಿ. ಮುಂದಿನ ತಿಂಗಳು ಏಳು ಮಂದೆಗಳ ಹೆಣ್ಣುಕುರಿಗಳು ಅವನನ್ನು ಕಾಯುತ್ತಿದ್ದವು. ಝಾನಿಬೆಕ್‌ನ ವರ್ಷದ ಆಸೆಯೆಲ್ಲ ಆ ನಾಲ್ಕು ಕಾಲುಗಳ ಮೇಲೆ ನಿಂತಿತ್ತು. ಅಲ್ಲಿಯೇ ದನಿ ಹಿಡಿಯಬಹುದಿತ್ತು. ಆದರೆ ಹಿನ್ನೆಲೆಯಲ್ಲಿ ಇನ್ನೂರು ಕುರಿಗಳ ಅಭಿಪ್ರಾಯ ನನಗೆ ಬೇಕಿರಲಿಲ್ಲ. ಗೋಡೆಗೂ ನೆಲಕ್ಕೂ ಕಂಬಳಿ ಹಾಸಿದ ನಮ್ಮ ಹಜಾರದ ನಿಶ್ಶಬ್ದವೇ ಸರಿ ಎಂದು ತೀರ್ಮಾನಿಸಿದೆ.

ಹಗ್ಗವನ್ನು ಕೈಗೆ ಕೊಡುವಾಗ ಝಾನಿಬೆಕ್ ಹೇಳಿದ: "ಭಾವ, ಭಾನುವಾರ ಸಂಜೆ ಬಂದು ಕರ್ಕೊಂಡು ಹೋಗ್ತೀನಿ. ಇವನ ಒಂದು ಕೂದಲು ಉದುರಿದ್ರೂ ಆಮೇಲೆ ನಿಮ್ಮನ್ನ ಭಾವ ಅನ್ನಲ್ಲ."

ಮಂತ್ರಿ ನಮ್ಮ ಮೂರನೆಯ ಮಹಡಿಯನ್ನು ತಲುಪಲು ಇಪ್ಪತ್ತಾರು ನಿಮಿಷ ತೆಗೆದುಕೊಂಡ. ಪ್ರತಿ ಮಹಡಿಯಲ್ಲೂ ಬಾಗಿಲುಗಳು ತೆರೆದುಕೊಂಡವು. ನಮ್ಮಲ್ಲಿ ಟಗರನ್ನು ಮನೆಗೆ ಕರೆದೊಯ್ಯುವವನನ್ನು ಯಾಕೆ ಎಂದು ಯಾರೂ ಕೇಳುವುದಿಲ್ಲ. ಔತಣ ಯಾವತ್ತು ಎಂದಷ್ಟೇ ಕೇಳುತ್ತಾರೆ. ಕೆಳಮನೆಯ ತೊಕ್ತೊಸುನ್ ಅಜ್ಜ, ಎಂಬತ್ತೊಂದು ವರ್ಷದ ನಿವೃತ್ತ ರೈಲು ಚಾಲಕರು, ಅದನ್ನೇ ಕೇಳಿದರು. ಏದುಸಿರಿನ ನಡುವೆ ನಾನು ಕೊಟ್ಟ ಉತ್ತರ ನನ್ನ ದಿನಚರಿಯಲ್ಲಿ ಯಥಾವತ್ತಾಗಿ ದಾಖಲಾಗಿದೆ: "ಭಾನುವಾರದವರೆಗೆ ಮಾತ್ರ ಇರುತ್ತೆ, ಅಜ್ಜ."

ಶುಕ್ರವಾರ ಮಂತ್ರಿ ಮೌನ. ಶನಿವಾರವೂ ಮೌನ. ಉಪ್ಪು ನೆಕ್ಕಿಸಿದೆ, ಕನ್ನಡಿ ತೋರಿಸಿದೆ, ಅವನ ಮಂದೆಯ ಭಾವಚಿತ್ರವನ್ನು ಮೊಬೈಲಿನಲ್ಲಿ ಹಿಡಿದು ನಿಂತೆ. ಹದಿನಾಲ್ಕು ಗಂಟೆಗಳ ಧ್ವನಿಮುದ್ರಣದಲ್ಲಿ ದೊರೆತದ್ದು ಮೆಲುಕು ಹಾಕುವ ಸದ್ದು ಮತ್ತು ಒಂದು ನಿಟ್ಟುಸಿರು. ನಿಟ್ಟುಸಿರು ನನ್ನದೆಂದು ಸಾಯ್ರಾಗುಲ್‌ಳ ಅಭಿಪ್ರಾಯ.

ಭಾನುವಾರ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ, ಮಂತ್ರಿ ಪಕ್ಕದ ಕೋಣೆಯಲ್ಲಿ ವಿಶ್ರಮಿಸುತ್ತಿದ್ದಾಗ, ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ತೊಕ್ತೊಸುನ್ ಅಜ್ಜ. ಅವರ ಹಿಂದೆ ರೊಟ್ಟಿ, ಮಿಠಾಯಿ, ಒಣದ್ರಾಕ್ಷಿಗಳ ತಟ್ಟೆ ಹಿಡಿದ ಹದಿನೇಳು ಜನ. ನಾನು ಬಾಯಿ ತೆರೆಯುವಷ್ಟರಲ್ಲಿ ಕಸೂತಿಯ ನಿಲುವಂಗಿಯೊಂದು ನನ್ನ ಹೆಗಲೇರಿ, ತಲೆಯ ಮೇಲೆ ಬಿಳಿಯ ಉಣ್ಣೆ ಟೋಪಿ ಕುಳಿತಿತ್ತು.

"ಐವತ್ತು ತುಂಬಿತಂತಲ್ಲ ಮೇಷ್ಟ್ರೇ. ನಮಗೇ ಹೇಳ್ಲಿಲ್ಲ ನೋಡಿ," ಎಂದರು ಅಜ್ಜ.

"ನಲವತ್ತೊಂಬತ್ತು, ಅಜ್ಜ."

"ಇರ್ಲಿ ಬಿಡಿ. ಓದಿದೋರು ಒಂದು ಕಮ್ಮಿ ಹೇಳ್ತಾರೆ."

ಸಾಯ್ರಾಗುಲ್ ನನ್ನನ್ನು ಅಡುಗೆಮನೆಗೆ ಎಳೆದಳು. "ಬಂದವರನ್ನ ಬಾಗಿಲಿಂದ ವಾಪಸ್ ಕಳಿಸೋ ಹಾಗಿಲ್ಲ. ಚಹಾ ಕೊಟ್ಟು ಕೂರಿಸ್ತೀನಿ, ಏನಾದ್ರೂ ದಾರಿ ಹೊಳೆಯುತ್ತೆ. ನೀವು ಒಂದೇ ಒಂದು ಕೆಲಸ ಮಾಡಿ. ಆ ಮಂತ್ರೀನ ಕೋಣೆಯಿಂದ ಆಚೆ ಬಿಡಬೇಡಿ."

ಬಿಡುವ ಉದ್ದೇಶ ನನಗೂ ಇರಲಿಲ್ಲ. ಆದರೆ ಕೋಣೆಗೆ ಹೋಗಿ ನೋಡುತ್ತೇನೆ, ಮಂತ್ರಿ ಮೇಲ್ದುಟಿಯನ್ನು ಎತ್ತಿ, ಕತ್ತು ಚಾಚಿ, ಮೂರು ದಿನಗಳಲ್ಲಿ ಮೊದಲ ಬಾರಿಗೆ ಮಾತಿಗೆ ಸಿದ್ಧನಾದವನಂತೆ ನಿಂತಿದ್ದಾನೆ! ಮೈಕು ಇದ್ದದ್ದು ಹಜಾರದಲ್ಲಿ. ವಿಜ್ಞಾನಿಗೆ ಇಂಥ ಕ್ಷಣ ಎರಡು ಸಲ ಒದಗುವುದಿಲ್ಲ. ಮೈಕಿನ ಗುಂಡಿಯನ್ನು ಓಡಿಹೋಗಿ ಒತ್ತಿ ಬಂದೆ. ಕೊಂಬು ಹಿಡಿದೆ, ಎಳೆದೆ, ಹಜಾರದ ಹೊಸ್ತಿಲಲ್ಲಿ ಅತಿಥಿಗಳಿಗೆ ಎದುರಾಗಿ ನಿಲ್ಲಿಸಿದೆ.

ನಿಲ್ಲಿಸಿದ ಮೇಲೆ ಹೊಳೆಯಿತು. ನಿಲುವಂಗಿ ತೊಟ್ಟ ಮನೆಯ ಯಜಮಾನ, ಹೊಸ್ತಿಲಲ್ಲಿ ಟಗರು ಹಿಡಿದು, ನೆರೆದ ಹಿರಿಯರ ಮುಂದೆ ನಿಂತರೆ ನಮ್ಮ ಸೀಮೆಯಲ್ಲಿ ಅದಕ್ಕೆ ಇರುವುದು ಒಂದೇ ಅರ್ಥ: ಕಡಿಯಲು ಅಪ್ಪಣೆಯಾಗಲಿ, ಹರಸಿರಿ. ತೊಕ್ತೊಸುನ್ ಅಜ್ಜ ಎರಡೂ ಅಂಗೈಗಳನ್ನು ಎತ್ತಿದರು. ಹದಿನೇಳು ಜೊತೆ ಅಂಗೈಗಳು ಜೊತೆಗೆ ಎದ್ದವು. ಹರಕೆ ಆರಂಭವಾಯಿತು. ನನ್ನ ಗಂಟಲಿನಿಂದಲೂ ಏನೋ ಒಂದು ಹೊರಟಿತು. ಅದು ಮಾತಾಗಿರಲಿಲ್ಲವಾದ್ದರಿಂದ ಯಾರೂ ಲಕ್ಷಿಸಲಿಲ್ಲ. "ಓಮಿನ್, ಹಾಗೇ ಆಗಲಿ," ಎಂದರು ಎಲ್ಲರೂ, ಮುಖ ಸವರಿಕೊಂಡರು. ಎರಡನೆಯ ಮಹಡಿಯ ಅಸಾನಾಲಿ ಅಂಗಿಯ ತೋಳು ಮಡಿಸಿ ಚೂರಿ ಕೇಳಿದ.

ನಾನು ಎಲ್ಲವನ್ನೂ ಹೇಳಿದೆ: ಆಟ, ಮೇಕೆ, ಭಾವಮೈದುನ, ಏಳು ಮಂದೆಗಳು.

ಅಜ್ಜ ಶಾಂತವಾಗಿ ಕೇಳಿಸಿಕೊಂಡರು. "ಎಲ್ಲಾ ಸರಿ ಕಣಪ್ಪ. ಆದ್ರೆ ಹರಸಿ ಆಯ್ತಲ್ಲ. ಬಾಯಿಂದ ಬಿದ್ದ ಹರಕೇನ ನಾನು ಎಲ್ಲಿಂದ ವಾಪಸ್ ತರ್ಲಿ?"

"ಬೇರೆ ಕುರಿ ತರಿಸ್ತೀನಿ, ಅಜ್ಜ. ಹರಕೆ ಅದರ ಮೇಲೆ ಹೋಗ್ಲಿ."

"ಒಂದರ ಬದಲು ಇನ್ನೊಂದು ನಿಲ್ಲೋಕೆ ಇದೇನು ಬಸ್ಸಿನ ಸೀಟಾ?" ಎಂದ ಅಸಾನಾಲಿ.

ಆಗ ನನ್ನ ಬುದ್ಧಿ ಬೆಳಗಿತು. ಲ್ಯಾಪ್‌ಟಾಪನ್ನು ಚಹಾ ಬಟ್ಟಲುಗಳ ನಡುವೆ ತೆರೆದಿಟ್ಟು, ದುಡ್ಡು ಕಟ್ಟದೆ ಆಡುವ ಅಭ್ಯಾಸದ ಆಟವನ್ನು ಚಾಲೂ ಮಾಡಿದೆ. "ನೋಡಿ ಅಜ್ಜ, ಈ ಹಿಮಚಿರತೆ. ಯಾವ ಪ್ರಾಣಿ ಬೇಕಿದ್ರೂ ಅದರ ಬದಲಿಗೆ ಇದು ನಿಲ್ಲುತ್ತೆ. ಎಲ್ಲರೂ ಒಪ್ತಾರೆ. ಬದಲಿ ಅನ್ನೋದು ಲೋಕದಲ್ಲಿ ಇದೆ."

ಅಜ್ಜ ಕನ್ನಡಕ ಹಾಕಿಕೊಂಡು ನಿಯಮಗಳ ಪುಟವನ್ನು ಬೆರಳಿಟ್ಟು ಓದಿದರು; ನಲವತ್ತು ವರ್ಷ ರೈಲಿನ ವೇಳಾಪಟ್ಟಿ ಓದಿದ ಬೆರಳು. "ಇಲ್ಲಿ ಬೇರೆ ಬರೆದಿದೆಯಲ್ಲ ಮೇಷ್ಟ್ರೇ. 'ಚಿರತೆ ಎಲ್ಲ ಪ್ರಾಣಿಗಳ ಬದಲಿಗೆ ನಿಲ್ಲುತ್ತದೆ, ಟಗರನ್ನು ಹೊರತುಪಡಿಸಿ.'"

ಹನ್ನೊಂದು ಪುಟಗಳ ವರದಿ ಬರೆದ ನಾನು ಆ ಸಾಲನ್ನು ಓದಿರಲಿಲ್ಲ. ಅಸಾನಾಲಿ ಹಗ್ಗಕ್ಕೆ ಕೈ ಹಾಕಿದ. ಝಾನಿಬೆಕ್ ಬರಲು ನಾಲ್ಕು ಗಂಟೆ ಬಾಕಿ.

ಸಾಯ್ರಾಗುಲ್ ಚಹಾದ ಕೆಟಲನ್ನು ಕೆಳಗಿಟ್ಟು, ಪಕ್ಕದಲ್ಲಿ ಕುಳಿತು, ಗುಂಡಿ ಒತ್ತಿದಳು. ಇನ್ನೊಮ್ಮೆ. ಎಂಟನೆಯ ಸಲಕ್ಕೆ ಮೂರು ಟಗರು ಮೂರು ಮೂಲೆಯಲ್ಲಿ ನಿಂತವು. ಮೇಕೆಮರಿ ಮೂರು ಸಲ ಅರಚಿತು. ಬಿಟ್ಟಿ ಸುತ್ತುಗಳು ಆರಂಭವಾಗಿ ಟಗರುಗಳು ಮಾಯವಾದವು. ಮೇಲಿನಿಂದ ಕುದುರೆ, ತೋಳ, ಹದ್ದು ದಬದಬನೆ ಉದುರಿದವು.

"ಅಜ್ಜ, ಟಗರು ಏನು ಮಾಡ್ತು ನೋಡಿದ್ರಾ?"

"ಬಂತು. ಕೂಗ್ತು. ಹೋಯ್ತು."

"ಲೆಕ್ಕಕ್ಕೆ ಬಂತಾ?"

"ಇಲ್ಲ. ಆಮೇಲೆ ಬಿದ್ದವಲ್ಲ, ಅವು ಬಂದ್ವು."

"ನಮ್ಮ ಮಂತ್ರೀನೂ ಅಷ್ಟೇ ಅಜ್ಜ. ಮೆಟ್ಟಿಲು ಹತ್ತಿ ನಿಮ್ಮನ್ನೆಲ್ಲ ಕರೆಯೋಕೆ ಬಂದೋನು. ಕರೆದ, ನೀವು ಬಂದ್ರಿ. ಅವನ ಕೆಲಸ ಮುಗೀತು. ನೀವು ಹರಸಿದ್ದು ಆಮೇಲೆ ಬರೋದನ್ನ."

ಅಜ್ಜ ಮಂತ್ರಿಯನ್ನು ದಿಟ್ಟಿಸಿದರು. ಮಂತ್ರಿ ಅಜ್ಜನನ್ನು ದಿಟ್ಟಿಸಿದ. ಕೊನೆಗೆ ಅಜ್ಜ ಕನ್ನಡಕ ತೆಗೆದರು. "ನನ್ನ ಕಾಲದಲ್ಲೂ ಹೀಗೇ ಇತ್ತು. ಸೀಟಿ ಹಾಕೋ ಎಂಜಿನ್ ಬೇರೆ, ಜನ ಹತ್ತೋ ಬೋಗಿ ಬೇರೆ. ಅಸಾನಾಲಿ, ಸಂತೆಗೆ ಹೋಗಿ ಬೋಗಿ ತಗೊಂಡು ಬಾ."

ಟಗರು ಉಳಿಯಿತು. ಅಸಾನಾಲಿ ತಂದ ಕುರಿ ಮೂರು ಮಹಡಿಯ ಉದ್ದಕ್ಕೂ ಬಿಡದೆ, ಸುಸ್ಪಷ್ಟವಾಗಿ, ಅತ್ಯುತ್ತಮ ಕಂಠದಲ್ಲಿ ಅರಚಿತು. ನಾನು ಮೈಕಿನತ್ತ ಓಡುವಷ್ಟರಲ್ಲಿ ಅದರ ಬ್ಯಾಟರಿ ಮುಗಿದಿತ್ತು. ಹೇಗೂ ಅದು ಟಗರಲ್ಲವೆಂದು ಸಮಾಧಾನ ಪಟ್ಟುಕೊಂಡೆ. ಔತಣ ಭರ್ಜರಿಯಾಯಿತು. ಇನ್ನೂ ತುಂಬದ ನನ್ನ ಐವತ್ತಕ್ಕೆ ಹದಿನೇಳು ಭಾಷಣಗಳಾದವು. ಎಲ್ಲದರಲ್ಲೂ ನನ್ನ ಹೆಂಡತಿಯನ್ನು ಹೊಗಳಿದರು. ಐದೂವರೆಗೆ ಬಂದ ಝಾನಿಬೆಕ್ ಮಂತ್ರಿಯ ಕೂದಲನ್ನೆಲ್ಲ ಪರೀಕ್ಷಿಸಿ, "ಭಾವ," ಎಂದ. ಆ ಪದ ಅಷ್ಟು ಇಂಪಾಗಿ ನನಗೆ ಎಂದೂ ಕೇಳಿಸಿರಲಿಲ್ಲ.

ಸೋಮವಾರ ಇಡೀ ಧ್ವನಿಮುದ್ರಣವನ್ನು ಕ್ಷಮಾಪಣೆಯ ಪತ್ರದೊಂದಿಗೆ ಮೀರಿಮ್‌ಗೆ ಕಳಿಸಿದೆ. ಬುಧವಾರ ಉತ್ತರ ಬಂತು. "ಮೇಷ್ಟ್ರೇ, ಕ್ಷಮೆ ಯಾಕೆ? ಭಾನುವಾರದ ಕಡತದ ಎರಡನೇ ನಿಮಿಷದಲ್ಲಿ ನಿಮ್ಮ ಟಗರು ಏನು ಅರಚಿದೆ! ಆ ಸಂಕಟ, ಆ ಗಾಂಭೀರ್ಯ! ಆಫೀಸಿನಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದೆವು. ಆಟಕ್ಕೆ ಅದನ್ನೇ ಹಾಕಿಯಾಯಿತು. ಜೊತೆಗಿರುವ ನಮೂನೆಯಲ್ಲಿ ಪ್ರಾಣಿಯ ವಿವರ ತುಂಬಿ ಕಳಿಸಿ."

ವಿಜಯದ ಪುಳಕದಿಂದ ಆ ಎರಡನೆಯ ನಿಮಿಷವನ್ನು ಜೋರಾಗಿ ಹಾಕಿದೆ. ಸಾಯ್ರಾಗುಲ್ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಓಡಿ ಬಂದಳು. "ಏನಾಯ್ತು ರೀ? ಎಲ್ಲಿ ಬಿದ್ರಿ?"

ಲ್ಯಾಪ್‌ಟಾಪಿನತ್ತ ಬೆರಳು ತೋರಿಸಿದೆ. ಬಳಿಕ ನಾನು ಪೆನ್ನು ತೆಗೆದುಕೊಂಡೆ. ನಮೂನೆಗಳನ್ನು ಖಾಲಿ ಬಿಡುವ ಅಭ್ಯಾಸ ನನಗಿಲ್ಲ.

"ತಳಿ," ಎಂದು ಓದಿದೆ.

"ಸ್ಥಳೀಯ ಅಂತ ಬರೀರಿ."

"ವಯಸ್ಸು?"

"ಐವತ್ತು. ಇಡೀ ಕಟ್ಟಡ ಸಾಕ್ಷಿ ಇದೆ."

"ಸ್ವಭಾವ?"

ಆಕೆ ಅಡುಗೆಮನೆಗೆ ಮರಳುತ್ತ, ತಿರುಗಿಯೂ ನೋಡದೆ ಹೇಳಿದಳು: "ಸಾಧು. ಕೋಣೆಯಲ್ಲೇ ಇರು ಅಂದ್ರೆ ಮಾತ್ರ ಇರಲ್ಲ."